ಅತ್ತಿಯ ಮೊಣಕಾಲೂ ನನ್ನ ಜೀವಶಾಸ್ತ್ರವೂ

ಜೀವಶಾಸ್ತ್ರ ಕಲಿಸುವವರ ಜೊತೆ ಸಂಸಾರ ಮಾಡುವುದು ಕಷ್ಟ ಎಂದು ನಮ್ಮವರು ಆಗಾಗ ಹೇಳುತ್ತಿರುತ್ತಾರೆ. ಮೊದಮೊದಲು ನಾನು ವಾದಕ್ಕಿಳಿಯುತ್ತಿದ್ದೆ, ಈಗ ಸುಮ್ಮನಿರುತ್ತೇನೆ. ಯೋಚಿಸಿ ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ. ಇತಿಹಾಸ ಕಲಿಸುವವರು ಸಂಜೆ ಮನೆಗೆ ಬಂದು ಯಾರ ಮೇಲೂ ದಂಡೆತ್ತಿ ಹೋಗುವುದಿಲ್ಲ. ಭೂಗೋಳದವರು ಹಿತ್ತಲಿನ ಕಾಲುವೆಯ ದಿಕ್ಕು ಬದಲಿಸುವುದಿಲ್ಲ. ನಮ್ಮ ವಿಷಯ ಹಾಗಲ್ಲ. ಬೆಳಿಗ್ಗೆ ಕರಿಹಲಗೆಯ ಮೇಲೆ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ ಬೇರು, ಕಾಂಡ, ಎಲೆಗಳೇ ಮಧ್ಯಾಹ್ನ ಪಲ್ಯವಾಗಿ ಎದುರಿಗೆ ಬಂದು ಕೂರುತ್ತವೆ. ಅವುಗಳ ಬಗ್ಗೆ ನಾಲ್ಕು ಮಾತು ಆಡದೆ ತಿನ್ನುವುದು ನನ್ನಿಂದ ಆಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣಲ್ಲಿ ನೀರು ಯಾಕೆ ಬರುತ್ತದೆ ಎಂದು ನಮ್ಮವರಿಗೆ ವಿವರಿಸಿದ್ದೆ. ಪೂರ್ತಿ ಕೇಳಿಸಿಕೊಂಡು, 'ಪಾಪ, ತವರಮನಿ ನೆನಪಾಗಿರಬೇಕು ಅಂದ್ಕೊಂಡಿದ್ದೆ' ಎಂದು ಸ್ವಲ್ಪ ನಿರಾಸೆಯಿಂದ ಎದ್ದು ಹೋಗಿದ್ದರು.

ಇಷ್ಟಾದರೂ ನಮ್ಮ ಅತ್ತಿಯ ಮೊಣಕಾಲು ಕೈಕೊಡುವವರೆಗೆ ನನ್ನ ವಿದ್ಯೆಯಿಂದ ಯಾರಿಗೂ ಅಪಾಯವಾಗಿರಲಿಲ್ಲ.

ಅತ್ತಿ, ಎಂದರೆ ನಮ್ಮವರ ಅವ್ವ, ಹುನಗುಂದದವರು. ಎಪ್ಪತ್ತು ದಾಟಿದೆ. ಗಟ್ಟಿ ಮೈ, ಗಟ್ಟಿ ದನಿ, ಹಣೆ ತುಂಬ ವಿಭೂತಿ, ಮೈಮೇಲೆ ಯಾವಾಗಲೂ ಇಳಕಲ್ ಸೀರೆ. ಬಾಗಲಕೋಟೆಯ ನವನಗರದಲ್ಲಿ ನಾವು ಮನೆ ಕಟ್ಟಿಸಿದಾಗಿನಿಂದ ನಮ್ಮ ಜೊತೆಗೇ ಇದ್ದಾರೆ. ನಾನು ಬೆಳಿಗ್ಗೆ ಪಿಯು ಕಾಲೇಜಿಗೆ ಹೋದರೆ, ಸಹಕಾರ ಇಲಾಖೆಯಲ್ಲಿರುವ ನಮ್ಮವರು ತಪಾಸಣೆ ಎಂದು ಬಾದಾಮಿ, ಕುಳಗೇರಿ ಕ್ರಾಸ್ ಕಡೆ ಸುತ್ತುತ್ತಾರೆ. ಮನೆಯ ಯಜಮಾನಿಕೆ ಅತ್ತಿಯದೇ. ಅದರ ಬಗ್ಗೆ ನನಗೆ ತಕರಾರೇನೂ ಇಲ್ಲ. ಒಲೆಯ ಮೇಲಿನ ಹಾಲಿನಿಂದ ಹಿಡಿದು ಪಕ್ಕದ ಮನೆಯವರ ಮಗಳ ಸಂಬಂಧದವರೆಗೆ ಎಲ್ಲದರ ಮೇಲೂ ಅವರ ಕಣ್ಣಿರುತ್ತದೆ. ಅವರು ತಮ್ಮದು ಎಂದು ಇಟ್ಟುಕೊಂಡಿರುವುದು ಬೆಳಗಿನ ಲಿಂಗಪೂಜೆಯ ಹೊತ್ತು ಮಾತ್ರ. ಸ್ನಾನ ಮಾಡಿ, ದೇವರ ಕೋಣೆಯ ನೆಲದ ಮೇಲೆ ಆಸನ ಹಾಸಿ, ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡರೆ ಮುಗಿಯುವವರೆಗೆ ಅವರನ್ನು ಯಾರೂ ಮಾತನಾಡಿಸುವಂತಿಲ್ಲ.

ಹೋದ ವರ್ಷ ಮಳೆಗಾಲದ ಹೊತ್ತಿಗೆ ಈ ಪೂಜೆ ಉದ್ದವಾಗುತ್ತ ಹೋಯಿತು. ನಾನು ಕಾಲೇಜಿಗೆ ಹೊರಡುವ ಮುಂಚೆ ಮುಗಿಯುತ್ತಿದ್ದದ್ದು ನಾನು ಹೊರಟ ಮೇಲೂ ನಡೆದಿರುತ್ತಿತ್ತು. ವಯಸ್ಸಾದಂತೆ ಭಕ್ತಿ ಹೆಚ್ಚುತ್ತಿದೆ ಎಂದು ನಾನು ತಿಳಿದೆ. ನಮ್ಮವರಂತೂ ಇಳಕಲ್ಲಿನಲ್ಲಿರುವ ಅತ್ತಿಯ ತಂಗಿಗೆ ಫೋನು ಮಾಡಿ, ಅವ್ವ ಈಗ ತಾಸುಗಟ್ಟಲೆ ಧ್ಯಾನದಲ್ಲಿ ಇರುತ್ತಾಳೆ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಆ ಚಿಗವ್ವನವರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ, ಹುನಗುಂದದ ಕಡೆಯ ಒಂದಿಬ್ಬರು ಹೆಣ್ಣುಮಕ್ಕಳು ಅತ್ತಿಯ ಕಾಲಿಗೆ ಬೀಳಲು ಬಂದು ಹೋದರು. ಅತ್ತಿ ಕಾಲು ಮುಂದೆ ಚಾಚಿ ಆಶೀರ್ವಾದ ಮಾಡಿದರು. ಕಾಲು ಚಾಚಿಯೇ ಯಾಕೆ ಕೂತಿದ್ದಾರೆ ಎಂದು ಆಗಲೂ ನನಗೆ ಹೊಳೆಯಲಿಲ್ಲ. ಒಂದು ದಿನ ಕಾಲೇಜಿಗೆ ರಜೆ ಕೊಟ್ಟದ್ದರಿಂದ ಅರ್ಧಕ್ಕೇ ಮನೆಗೆ ಬಂದು ನೋಡಿದರೆ ಅತ್ತಿ ದೇವರ ಕೋಣೆಯಿಂದ ಅಡುಗೆಮನೆಯ ಕಡೆ ನೆಲದ ಮೇಲೆ ಕೂತೇ ಸರಿಯುತ್ತ ಬರುತ್ತಿದ್ದರು. ಜೋಳದ ಡಬ್ಬಿಯವರೆಗೆ ಬಂದು, ಅದನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು, ಹಲ್ಲು ಕಚ್ಚಿಕೊಂಡು ಎದ್ದು ನಿಂತರು. ಆಮೇಲೆ ನನ್ನನ್ನು ನೋಡಿದರು.

ಪೂಜೆ ಹಿಂದೆ ಎಷ್ಟು ಹೊತ್ತಿಗೆ ಮುಗಿಯುತ್ತಿತ್ತೋ ಈಗಲೂ ಅಷ್ಟಕ್ಕೇ ಮುಗಿಯುತ್ತಿತ್ತು. ಉಳಿದದ್ದೆಲ್ಲ ಏಳುವ ಹೊತ್ತು.

ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎರಡೂ ಮೊಣಕಾಲ ಕೀಲಿನ ನಡುವಿನ ಮೃದ್ವಸ್ಥಿ ಸವೆದಿದೆ, ಇದಕ್ಕೆ ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ ಎಂದು ತಾಳ್ಮೆಯಿಂದ ತಿಳಿಸಿ ಹೇಳಿದರು. ತೂಕ ಸ್ವಲ್ಪ ಇಳಿಯಬೇಕು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಬೇಕು, ದಿನಾ ಸ್ವಲ್ಪ ಅಡ್ಡಾಡಬೇಕು. ಅತ್ತಿಯ ಎದೆಬಡಿತ ತಾಳ ತಪ್ಪುತ್ತದೆ ಎಂದು ಕೆಲವು ವರ್ಷಗಳಿಂದ ರಕ್ತ ಹೆಪ್ಪುಗಟ್ಟದಂತೆ ಒಂದು ಸಣ್ಣ ಗುಳಿಗೆ ನಡೆದಿದೆ. ಆ ಗುಳಿಗೆ ನಡೆದಿರುವಾಗ ನೋವಿನ ಗುಳಿಗೆಗಳನ್ನು ಬೇಕಾದ ಹಾಗೆ ನುಂಗುವಂತಿಲ್ಲ, ಎರಡೂ ಸೇರಿದರೆ ರಕ್ತಸ್ರಾವ ಆಗಬಹುದು ಎಂದೂ ಎಚ್ಚರಿಸಿದರು. ಇದಾವುದಕ್ಕೂ ಬಗ್ಗದಿದ್ದರೆ ಮುಂದೆ ಆಪರೇಷನ್ ಮಾಡಿ ಹೊಸ ಕೀಲು ಹಾಕಬಹುದು, ಆರಾಮಾಗಿ ನಡೆದಾಡಬಹುದು ಎಂದರು. ಅಷ್ಟೂ ಹೊತ್ತು ಗೋಡೆ ನೋಡುತ್ತ ಕೂತಿದ್ದ ಅತ್ತಿ ಒಂದೇ ಪ್ರಶ್ನೆ ಕೇಳಿದರು.

"ಹೊಸಾ ಮೊಣಕಾಲ ಹಾಕಿದ ಮ್ಯಾಲ ಕೆಳಗ ಕುಂದ್ರಾಕ ಬರತೈತೇನ್ರಿ?"

ಅದು ಬೇಡ, ಕುರ್ಚಿಯ ಮೇಲೆ ಕೂರಬೇಕು ಎಂದರು ಡಾಕ್ಟರು.

"ಹಂಗಾರ ಬ್ಯಾಡ್ರಿ" ಎಂದು ಅತ್ತಿ ಎದ್ದೇಬಿಟ್ಟರು. ಎಂದರೆ, ನಮ್ಮವರು ಒಂದು ಕಡೆ ನಾನೊಂದು ಕಡೆ ಹಿಡಿದು ಎಬ್ಬಿಸಿದೆವು.

ಡಾಕ್ಟರು ಹೇಳಿದ್ದರಲ್ಲಿ ನಮಗೆ ಮೂವರಿಗೂ ಆಪರೇಷನ್, ಗುಳಿಗೆ ಎರಡೇ ನೆನಪಿನಲ್ಲಿ ಉಳಿದಿದ್ದವು, ವ್ಯಾಯಾಮದ ಮಾತು ಆಸ್ಪತ್ರೆಯ ಮೆಟ್ಟಿಲಲ್ಲೇ ಬಿದ್ದು ಹೋಗಿತ್ತು. ಮನೆಗೆ ಬರುವ ದಾರಿಯಲ್ಲಿ ನನ್ನ ತಲೆ ಓಡುತ್ತಿತ್ತು. ಆಪರೇಷನ್ ಬೇಡ ಎನ್ನುತ್ತಾರೆ, ನೋವಿನ ಗುಳಿಗೆ ನಡೆಯುವುದಿಲ್ಲ. ಹಾಗಾದರೆ ಉಳಿದದ್ದು ಊಟ. ಊಟ ಎಂದರೆ ಸಸ್ಯ. ಸಸ್ಯ ಎಂದರೆ ನಾನು.

ಅಂದಿನಿಂದ ಫೋನಿನಲ್ಲಿ ಓದತೊಡಗಿದೆ. ಅರಿಷಿಣದಲ್ಲಿ ಕರ್ಕ್ಯುಮಿನ್ ಇದೆ, ಹಸಿಶುಂಠಿಯಲ್ಲಿ ಜಿಂಜರಾಲ್, ಉಳ್ಳಾಗಡ್ಡಿಯಲ್ಲಿ ಕ್ವೆರ್ಸೆಟಿನ್, ಕರಿದ್ರಾಕ್ಷಿಯ ಸಿಪ್ಪೆಯಲ್ಲಿ ರೆಸ್ವೆರಟ್ರಾಲ್, ದಾಳಿಂಬೆಯಲ್ಲಿ ಬಾಯಿ ಒಗರು ಮಾಡುವ ಪಾಲಿಫಿನಾಲುಗಳು. ಗಿಡಗಳು ಇವನ್ನು ಹುಳ ಹುಪ್ಪಡಿಯಿಂದ, ಬಿಸಿಲಿನಿಂದ ತಮ್ಮನ್ನು ಕಾಯ್ದುಕೊಳ್ಳಲು ತಯಾರಿಸುತ್ತವೆ ಎಂದು ನಾನೇ ಎಷ್ಟೋ ವರ್ಷದಿಂದ ಪಾಠ ಮಾಡಿದ್ದೆ. ಈಗ ನೋಡಿದರೆ ಅವೇ ವಸ್ತುಗಳು ಕೀಲಿನೊಳಗಿನ ಉರಿಯೂತ ತಗ್ಗಿಸುತ್ತವೆ, ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳ ಕೈ ಕಟ್ಟುತ್ತವೆ ಎಂದು ಬರೆದಿತ್ತು. ನನಗೆ ರೋಮಾಂಚನವಾಯಿತು. ಕೆಳಗೆ, ಇದೆಲ್ಲ ಹೆಚ್ಚಾಗಿ ಪ್ರಯೋಗಶಾಲೆಯ ಗಾಜಿನ ಬಟ್ಟಲಿನಲ್ಲಿ ಮತ್ತು ಇಲಿಗಳಲ್ಲಿ ಕಂಡದ್ದು, ಮನುಷ್ಯರಲ್ಲಿ ಕೆಲವರಿಗೆ ನೋವು ಸ್ವಲ್ಪ ಕಡಿಮೆಯಾಗಬಹುದು, ಖಚಿತವಾಗಿ ಹೇಳಲು ಬರುವುದಿಲ್ಲ ಎಂದೂ ಬರೆದಿತ್ತು. ಪ್ರಶ್ನೆಪತ್ರಿಕೆಯನ್ನು ಕೊನೆಯವರೆಗೆ ಓದಿ ಎಂದು ಮಕ್ಕಳಿಗೆ ಹೇಳುವ ನಾನು ಆ ಕೊನೆಯ ಸಾಲುಗಳನ್ನು ಬೇಗ ಬೇಗ ಓದಿ ಮುಗಿಸಿದೆ.

ಮರುದಿನ ಊಟಕ್ಕೆ ಕೂತಾಗ ಎಲ್ಲವನ್ನೂ ಅತ್ತಿಗೆ ವಿವರಿಸಿದೆ. ಅವರು ರೊಟ್ಟಿ ಮುರಿಯುತ್ತ ಪೂರ್ತಿ ಕೇಳಿದರು. ಆಮೇಲೆ, ಅರಿಷಿಣ ಇಲ್ಲದ ಪಲ್ಯ ನಮ್ಮ ಮನೆಯಲ್ಲಿ ಯಾವತ್ತಾದರೂ ಆಗಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಸಿ ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ತಿಂದದ್ದು ಇದೆಯೇ ಎಂದರು. ಇಲ್ಲ ಎಂದೆ. ಅಗಸಿ ಹಿಂಡಿ, ಗುರೆಳ್ಳ ಹಿಂಡಿ ಎಂಬ ಚಟ್ನಿಪುಡಿಗಳು, ಮೆಂತ್ಯದ ಸೊಪ್ಪು, ಬಳ್ಳೊಳ್ಳಿ ಚಟ್ನಿ ಎಂದು ಒಂದೊಂದೇ ಹೆಸರು ಹೇಳುತ್ತ ಹೋದರು. ನಾನು ಒಂದೊಂದಕ್ಕೂ ತಲೆಯಾಡಿಸಿದೆ.

"ಇವನ್ನೆಲ್ಲಾ ಸಣ್ಣಾಕಿ ಇದ್ದಾಗಿಂದ ತಿಂದೇನಿ. ತಿಂದs ಮೊಣಕಾಲ ಹೋಗ್ಯಾವಲ್ಲ, ಯಾಕ?"

ಇದು ಒಳ್ಳೆಯ ಪ್ರಶ್ನೆ. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಇಂಥದ್ದನ್ನು ಕೇಳಿದ್ದಿಲ್ಲ. ಕೇಳಿದ್ದರೆ ಮುಂದಿನ ತರಗತಿಯಲ್ಲಿ ನೋಡೋಣ ಎನ್ನುತ್ತಿದ್ದೆ. ಅತ್ತಿಗೆ ಹಾಗೆ ಹೇಳಲು ಬರುವುದಿಲ್ಲ. ಆದ್ದರಿಂದ, ತಿಂದಿದ್ದೀರಿ ಖರೆ, ಆದರೆ ಅಳತೆ ಸಾಕಾಗಿಲ್ಲ ಎಂದೆ. ಅತ್ತಿ ನನ್ನ ಮುಖ ನೋಡಿ, ಆಯಿತು, ನೀನು ಹೇಳಿದ ಹಾಗೆ ಮಾಡು ಎಂದರು. ಅಷ್ಟು ಸುಲಭವಾಗಿ ಅವರು ಯಾವುದಕ್ಕೂ ಒಪ್ಪಿದವರಲ್ಲ. ಆ ಗೆಲುವಿನಲ್ಲಿ ನಾನು ಅದನ್ನೂ ಗಮನಿಸಲಿಲ್ಲ.

ಅಳತೆ ಹೆಚ್ಚಿತು. ಬೆಳಿಗ್ಗೆ ಹಾಲಿನಲ್ಲಿ ಅರಿಷಿಣ. ಅರಿಷಿಣ ಒಂದನ್ನೇ ನುಂಗಿದರೆ ಮೈಗೆ ಹತ್ತುವುದಿಲ್ಲವಂತೆ, ಮೆಣಸು ಮತ್ತು ತುಪ್ಪ ಬೇಕಂತೆ, ಹಾಗಾಗಿ ಅವೂ ಬಂದವು. ಆ ಹಾಲು ಕುಡಿದ ಮೇಲೆ ಅತ್ತಿ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕಲಾದಗಿಯ ಕಡೆಯಿಂದ ದಾಳಿಂಬೆ ಬಂತು. ದ್ರಾಕ್ಷಿಯ ಸಿಪ್ಪೆ ಉಗುಳುವಂತಿಲ್ಲ ಎಂದು ಕಟ್ಟಪ್ಪಣೆಯಾಯಿತು. ಬ್ರೊಕೊಲಿಯಲ್ಲೂ ಅಂಥದ್ದೇನೋ ಇದೆ ಎಂದು ಓದಿ ಅದನ್ನು ಹುಡುಕಿಕೊಂಡು ಸಂತೆಯೆಲ್ಲ ಸುತ್ತಿದೆ. ಕಾಯಿಪಲ್ಲೆಯ ಅಜ್ಜಿಯೊಬ್ಬರಿಗೆ ಹಸಿರು ಹೂಕೋಸು ಎಂದು ವರ್ಣಿಸಿ ಹೇಳಿದರೆ, ಆಕೆ ತಮ್ಮ ಹೂಕೋಸನ್ನು ತಿರುಗಿಸಿ ಅದರ ಎಲೆ ತೋರಿಸಿ, ಇದs ಹಸರ ಐತಲ್ಲವ್ವಾ ಎಂದರು. ಕೊನೆಗೆ ಒಂದು ದೊಡ್ಡ ಅಂಗಡಿಯಲ್ಲಿ ಸಿಕ್ಕಿತು. ಅದರ ಪಲ್ಯ ನೋಡಿದ ನಮ್ಮವರು, ಇದು ಯಾವ ಗಿಡದ್ದು ಎಂದು ಕೇಳದೆ, ಇದು ಎಷ್ಟು ದಿನದ್ದು ಎಂದು ಕೇಳಿದರು. ಮನೆಯ ಒರಳು, ಮಿಕ್ಸರಿನ ಜಾರು, ನನ್ನ ಉಗುರು, ನಮ್ಮವರ ಬನಿಯನ್ನು ಎಲ್ಲಕ್ಕೂ ಅರಿಷಿಣದ ಬಣ್ಣ ಹತ್ತಿತು. ಉತ್ತರಪತ್ರಿಕೆಗಳ ಮೇಲೂ ನನ್ನ ಬೆರಳಿನ ಹಳದಿ ಗುರುತು ಬಿದ್ದು, ಒಬ್ಬ ವಿದ್ಯಾರ್ಥಿನಿ, ಮೇಡಂ ಮನೆಯಲ್ಲಿ ಮದುವೆಯೇನ್ರಿ ಎಂದು ವಿಚಾರಿಸಿದಳು.

ಇಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಬದನೆಕಾಯಿ, ಟೊಮೆಟೊ, ಮೆಣಸಿನಕಾಯಿ ಒಂದೇ ಕುಟುಂಬದವು, ಅವುಗಳಿಂದ ಕೀಲುನೋವು ಹೆಚ್ಚುತ್ತದೆ ಎಂದು ಯಾರೋ ವಾಟ್ಸಾಪಿನಲ್ಲಿ ಕಳಿಸಿದರು. ಒಂದೇ ಕುಟುಂಬದವು ಎನ್ನುವುದು ನಿಜ. ನೋವು ಹೆಚ್ಚುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ ಎಂದು ಆಮೇಲೆ ಗೊತ್ತಾಯಿತು. ಆದರೆ ಕುಟುಂಬದ ಹೆಸರು ಸರಿಯಾಗಿ ಬರೆದದ್ದನ್ನು ಕಂಡು ನಾನು ಪೂರ್ತಿ ನಂಬಿದೆ. ನಮ್ಮ ಮನೆಯಲ್ಲಿ ಬದನೆಕಾಯಿ ನಿಂತಿತು. ಜೋಳದ ರೊಟ್ಟಿ ಉಣ್ಣುವ ಮನೆಯಲ್ಲಿ ಎಣ್ಣಿಗಾಯಿ ನಿಲ್ಲಿಸುವುದೆಂದರೆ ಏನು ಎನ್ನುವುದು ಈ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಅತ್ತಿ ಅದಕ್ಕೂ ಒಪ್ಪಿದರು. ನಮ್ಮವರು ಮಾತ್ರ ಇದ್ದಕ್ಕಿದ್ದಂತೆ ಕರ್ತವ್ಯನಿಷ್ಠರಾದರು. ಕುಳಗೇರಿ ಕ್ರಾಸಿನ ಕಡೆ ತಪಾಸಣೆ ಹೆಚ್ಚಾಯಿತು, ಮಧ್ಯಾಹ್ನದ ಊಟ ಅಲ್ಲಿಯೇ ಆಗತೊಡಗಿತು. ಒಗೆಯಲು ಹಾಕಿದ ಅಂಗಿಯ ಮೇಲೆ ಕೆಂಪು ಎಣ್ಣೆಯ ಕಲೆ ಕಂಡು ಕೇಳಿದರೆ, ಖಾನಾವಳಿಯವನು ಬಡಿಸುವಾಗ ಪಕ್ಕದವರ ತಾಟಿನಿಂದ ಸಿಡಿಯಿತು ಎಂದರು. ಪಕ್ಕದವರ ಎಣ್ಣಿಗಾಯಿ ವಾರಕ್ಕೆ ಎಷ್ಟು ಸಲ ಸಿಡಿಯುತ್ತದೆ ಎಂದು ನಾನು ಲೆಕ್ಕ ಇಡಲಿಲ್ಲ.

ಅಡುಗೆಯಲ್ಲಿ ಎಷ್ಟು ಹಾಕಿದರೂ ಕರ್ಕ್ಯುಮಿನ್ ಅತ್ಯಲ್ಪ ಎಂದು ಮತ್ತೆ ಓದಿದೆ. ಸರಿ, ಸಾರ ತೆಗೆದು ಗಟ್ಟಿಗೊಳಿಸಿದ ಕ್ಯಾಪ್ಸೂಲ್ ಇರುವ ಡಬ್ಬಿ ತರಿಸಿದೆ. ಅದರ ಜೊತೆಗೆ ಶುಂಠಿಯ ಸಾರದ್ದೂ ಒಂದು ತರಿಸಿದೆ. ಎರಡರ ಮೇಲೂ ಹಸಿರು ಎಲೆಯ ಚಿತ್ರವಿತ್ತು. ಇಲ್ಲಿ ಒಂದು ವ್ಯವಸ್ಥೆಯನ್ನು ಹೇಳಬೇಕು. ಅತ್ತಿಗೆ ರಕ್ತದ ಗುಳಿಗೆ ಕೊಡುವ ಕೆಲಸ ನಮ್ಮವರದು, ರಾತ್ರಿ ಊಟವಾದ ಮೇಲೆ ಕೊಡುತ್ತಾರೆ. ಈ ಡಬ್ಬಿಗಳು ನನ್ನ ಖಾತೆ, ಬೆಳಿಗ್ಗೆ ಕೊಡುತ್ತಿದ್ದೆ. ಅವರದು ಔಷಧ, ನನ್ನದು ಆಹಾರ ಎಂದು ನನ್ನ ತಿಳಿವಳಿಕೆ. ಡಾಕ್ಟರು ನೋವಿನ ಗುಳಿಗೆಯ ಬಗ್ಗೆ ಹೇಳಿದ ಎಚ್ಚರಿಕೆ ಇವಕ್ಕೂ ಅನ್ವಯಿಸಬಹುದು ಎಂದು ಒಮ್ಮೆಯೂ ಅನಿಸಲಿಲ್ಲ. ಗಿಡಗಳು ತಮ್ಮ ಶತ್ರುಗಳನ್ನು ಹೊಡೆಯಲು ಮಾಡಿಕೊಂಡ ರಾಸಾಯನಿಕಗಳು ಅವು ಎಂದು ಕಲಿಸುತ್ತಿದ್ದವಳು ನಾನೇ.

ದಿನಾ ಸಂಜೆ ಕಾಲೇಜಿನಿಂದ ಬಂದ ಕೂಡಲೇ ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದೆ. ಕಡಿಮಿ ಐತಿ ಎನ್ನುತ್ತಿದ್ದರು ಅತ್ತಿ. ಮೊದಲ ವಾರ ಸ್ವಲ್ಪ ಕಡಿಮೆ, ಆಮೇಲೆ ಇನ್ನೂ ಕಡಿಮೆ. ಸ್ಟಾಫ್ ರೂಮಿನಲ್ಲಿ ನಾನು ಈ ವಿಷಯವಾಗಿ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ರಸಾಯನಶಾಸ್ತ್ರದವರು ಏನೋ ಕೇಳಲು ಬಾಯಿ ತೆರೆದರು, ನಾನು ಅವಕಾಶ ಕೊಡಲಿಲ್ಲ. ಈ ನಡುವೆ ಅತ್ತಿಯ ಮುಂಗೈ ಮೇಲೆ ನೀಲಿ ಕಲೆಗಳು ಕಂಡವು. ಕೇಳಿದರೆ ಬಾಗಿಲು ಬಡಿಯಿತು ಎಂದರು. ಬಾಗಿಲು ಒಬ್ಬರನ್ನೇ ಹುಡುಕಿಕೊಂಡು ಅಷ್ಟು ಕಡೆ ಬಡಿಯುವುದಿಲ್ಲ ಎಂದು ಈಗ ಅನಿಸುತ್ತದೆ.

ಚಳಿಗಾಲ ಶುರುವಾದ ಒಂದು ಬೆಳಿಗ್ಗೆ ದೇವರ ಕೋಣೆಯಿಂದ ಅತ್ತಿ ಶೈಲಾ ಎಂದು ನನ್ನ ಹೆಸರು ಹಿಡಿದು ಕರೆದರು. ಪೂಜೆಯ ಹೊತ್ತಿನಲ್ಲಿ ಅವರು ಯಾರನ್ನೂ ಕರೆಯುವವರಲ್ಲ. ಹೋಗಿ ನೋಡಿದರೆ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಲಿಂಗವನ್ನು ಒಂದು ಕೈಯಲ್ಲಿ ಮೇಲಕ್ಕೆತ್ತಿ ಹಿಡಿದು, ಇನ್ನೊಂದು ಕೈಯಿಂದ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದರು. ಸೆರಗಿನ ಕೆಂಪಿನಲ್ಲಿ ರಕ್ತ ಎಷ್ಟು ಎಂದು ಗೊತ್ತಾಗುತ್ತಿರಲಿಲ್ಲ. ಮೂಗು ಒತ್ತಿ ಹಿಡಿದು ಮುಂದಕ್ಕೆ ಬಗ್ಗಿಸಿ ಕೂರಿಸಿದೆ. ನಿಲ್ಲಲಿಲ್ಲ. ತಣ್ಣೀರ ಬಟ್ಟೆ ಇಟ್ಟೆ. ಆಗಲೂ ನಿಲ್ಲಲಿಲ್ಲ. ನಮ್ಮವರು ಅರ್ಧ ಗಡ್ಡ ಬೋಳಿಸಿದ್ದ ಮುಖದಲ್ಲೇ ಕಾರು ತೆಗೆದರು. ನಾನು ಹಿಂದಿನ ಸೀಟಿನಲ್ಲಿ ಅತ್ತಿಯ ತಲೆ ಹಿಡಿದುಕೊಂಡು ಕೂತಿದ್ದೆ. ಆ ಹೊತ್ತಿಗೆ ನನಗೆ ಯಾವ ಗಿಡದ ಹೆಸರೂ ನೆನಪಾಗಲಿಲ್ಲ. ಅತ್ತಿಯೇ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು.

ಆಸ್ಪತ್ರೆಯಲ್ಲಿ ಮೂಗಿಗೆ ಅರಿವೆ ತುರುಕಿ ರಕ್ತ ನಿಲ್ಲಿಸಿ ಪರೀಕ್ಷೆ ಮಾಡಿದರು. ರಕ್ತ ಇರಬೇಕಾದ್ದಕ್ಕಿಂತ ಬಹಳ ತೆಳುವಾಗಿತ್ತು. ದೊಡ್ಡ ಡಾಕ್ಟರು ಬಂದು ಗುಳಿಗೆ ತಪ್ಪಿ ಎರಡು ಸಲ ಕೊಟ್ಟಿರೇನು ಎಂದು ನಮ್ಮವರನ್ನು ವಿಚಾರಿಸಿದರು. ಅವರು ಇಲ್ಲ ಎಂದರು. ಬೇರೆ ಏನಾದರೂ ಕೊಡುತ್ತಿದ್ದೀರಾ ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಹೇಳತೊಡಗಿದೆ. ಅರಿಷಿಣದ ಹಾಲಿನಿಂದ ಶುರುವಾಗಿ ದಾಳಿಂಬೆ ದಾಟಿ ಡಬ್ಬಿಗಳಿಗೆ ಬರುವ ಹೊತ್ತಿಗೆ ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು. ಅರಿಷಿಣದ ಸಾರ, ಶುಂಠಿಯ ಸಾರ ಇವೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಲ್ಲವು, ಆ ಗುಳಿಗೆಯ ಜೊತೆ ಸೇರಿದರೆ ಹೀಗಾಗುವ ಸಾಧ್ಯತೆ ಇದೆ ಎಂದು ಅವರು ಸಮಾಧಾನದಿಂದಲೇ ಹೇಳಿದರು. ಅಡುಗೆಯ ಅರಿಷಿಣ ಇರಲಿ, ಡಬ್ಬಿಯ ಅರಿಷಿಣ ಬೇಡ, ಇನ್ನು ಮುಂದೆ ಯಾವ ಡಬ್ಬಿ ತೆರೆಯುವುದಾದರೂ ಮೊದಲು ಕೇಳಿ ಎಂದರು. ಹೊರಡುವ ಮುಂಚೆ, ಸುಮ್ಮನೆ ಮಾತಿಗೆ ಎನ್ನುವಂತೆ, ನೀವು ಏನು ಕೆಲಸ ಮಾಡುತ್ತೀರಿ ಮೇಡಂ ಎಂದು ಕೇಳಿದರು. ಜೀವಶಾಸ್ತ್ರ ಕಲಿಸುತ್ತೇನೆ ಎಂದೆ. ಅವರು, ಯಾವ ಕಾಲೇಜು ಎಂದು ಕೇಳಿದರು. ಅವರ ಮಗಳು ಮುಂದಿನ ವರ್ಷ ಪಿಯುಗೆ ಸೇರುವವಳಿದ್ದಳು.

ಸಂಜೆ ಅತ್ತಿಗೆ ಗೆಲುವಾಯಿತು. ಸುದ್ದಿ ತಿಳಿದು ಇಳಕಲ್ಲಿನಿಂದ ಚಿಗವ್ವ ಬಂದಿದ್ದರು. ಏನಾಯಿತು, ಹೇಗಾಯಿತು ಎಂದು ನನ್ನ ಎದುರಿಗೇ ಕೇಳಿದರು. ಅತ್ತಿ, ಡಾಕ್ಟರು ಒಂದು ಗುಳಿಗೆ ಕೊಟ್ಟರೆ ನಮ್ಮ ಶೈಲಾ ಇನ್ನೂ ಎರಡು ಹೆಚ್ಚಿಗೆ ಕೊಟ್ಟು ಕಾಳಜಿ ಮಾಡಿದ್ದಾಳೆ ಎಂದರು. ಅದು ಹೊಗಳಿಕೆಯೋ ಅಲ್ಲವೋ ಚಿಗವ್ವನಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಚಿಗವ್ವ ಚಹಾ ಕುಡಿಯಲು ನಮ್ಮವರ ಜೊತೆ ಹೊರಗೆ ಹೋದಾಗ ನಾವಿಬ್ಬರೇ ಉಳಿದೆವು. ಒಸಡಿನಲ್ಲಿ ರಕ್ತ ಬರುವುದು ಮೊದಲೇ ಶುರುವಾಗಿತ್ತು, ಹಲ್ಲುಪುಡಿ ಹಚ್ಚಿದಾಗ ದಿನಾ ಕಾಣುತ್ತಿತ್ತು ಎಂದು ಡಾಕ್ಟರ ಮುಂದೆ ಅವರು ಒಪ್ಪಿಕೊಂಡಿದ್ದರು.

"ನನ್ನ ಮುಂದ ಯಾಕ ಹೇಳಲಿಲ್ರಿ, ಅತ್ತಿ?" ಎಂದೆ.

ಅವರು ಹೊದಿಕೆಯ ಅಂಚು ಸರಿಮಾಡಿಕೊಂಡರು. "ನೀ ಅಷ್ಟ ಖುಷಿಲೇ ಮಾಡಾಕತ್ತಿದ್ದಿ. ಕಾಲೇಜಿನ್ಯಾಗ ಹುಡುಗೂರು ನಿನ್ನ ಮಾತ ಕೇಳಂಗಿಲ್ಲ ಅಂತ ದಿನಾ ಬಂದು ಹೇಳತಿದ್ದಿ. ನಾನರ ಕೇಳೂಣು ಅಂದೆ."

ಮೊಣಕಾಲು ನೋವಾದರೂ ಕಡಿಮೆಯಾಗಿತ್ತಲ್ಲ ಎಂದೆ. ನಾಚಿಕೆಯಿಲ್ಲದೆ ಆಗಲೂ ಅದೊಂದು ಆಸೆ ಉಳಿದಿತ್ತು.

"ನೀ ಕೇಳಿದಾಗೊಮ್ಮೆ ಕಡಿಮಿ ಆಕ್ಕಿತ್ತು" ಎಂದು ಅತ್ತಿ ಕಣ್ಣು ಮುಚ್ಚಿದರು.

ಕೆಲವು ದಿನ ಆಸ್ಪತ್ರೆಯಲ್ಲೇ ಇರಬೇಕಾಯಿತು. ಹೇಗೂ ಮಲಗಿದ್ದಾರಲ್ಲ ಎಂದು ಫಿಸಿಯೋಥೆರಪಿಯವರು ಬಂದು ಮೊಣಕಾಲಿನ ವ್ಯಾಯಾಮ ಹೇಳಿಕೊಟ್ಟರು. ಕುರ್ಚಿಯ ಮೇಲೆ ಕೂತು ಕಾಲು ನೆಟ್ಟಗೆ ಮುಂದೆ ಚಾಚಿ, ಸ್ವಲ್ಪ ಹೊತ್ತು ಹಿಡಿದು, ಮೆಲ್ಲಗೆ ಇಳಿಸುವುದು. ಎಲುಬಿನ ಡಾಕ್ಟರು ಮೊದಲ ದಿನವೇ ಹೇಳಿದ್ದು ಇದನ್ನೇ. ಎಷ್ಟು ಹೊತ್ತು ಹಿಡಿಯಬೇಕು ಎಂದು ಅತ್ತಿ ಕೇಳಿದರು. ಅವರೇನೋ ಅಂಕಿ ಹೇಳಿದರು. ಅತ್ತಿಗೆ ಅಂಕಿ ಹಿಡಿಸಲಿಲ್ಲ, ಮೆಲ್ಲಗೆ ಓಂ ನಮಃ ಶಿವಾಯ ಎಂದು ಮುಗಿಯುವವರೆಗೆ ಹಿಡಿಯುತ್ತೇನೆ ಎಂದರು. ಆಮೇಲೆ ಅದು ತಪ್ಪಲೇ ಇಲ್ಲ.

ಮನೆಗೆ ಬಂದ ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ. ಅತ್ತಿ ಸ್ನಾನ ಮಾಡಿ ದೇವರ ಕೋಣೆಯ ಬಾಗಿಲಿಗೆ ಬಂದು ನಿಂತರು. ನೆಲದ ಮೇಲಿನ ಆಸನವನ್ನು ನೋಡಿದರು. ಆಸ್ಪತ್ರೆಯಿಂದ ಬಂದ ಸುಸ್ತು ಇನ್ನೂ ಹೋಗಿರಲಿಲ್ಲ, ಕೂತರೆ ಏಳಲು ಆಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮವರು ದಿನಪತ್ರಿಕೆ ಕೆಳಗಿಳಿಸಿ ನೋಡುತ್ತಿದ್ದರು. ಅತ್ತಿ ತಿರುಗಿ ನನ್ನ ಕೋಣೆಗೆ ಹೋದರು. ನಾನು ಉತ್ತರಪತ್ರಿಕೆ ತಿದ್ದಲು ಕೂರುವ ಮರದ ಕುರ್ಚಿಯ ಸದ್ದು ಕೇಳಿಸಿತು. ನಮ್ಮವರು ಎದ್ದು ಹೋಗಿ ಅದನ್ನು ಎತ್ತಿ ತಂದು ದೇವರ ಕೋಣೆಯಲ್ಲಿ ಇಟ್ಟರು. ಅತ್ತಿ ನೆಲದ ಮೇಲಿನ ಆಸನ ತೆಗೆದು ಕೊಡವಿ ಕುರ್ಚಿಯ ಮೇಲೆ ಹಾಸಿದರು. ಕೂತರು. ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದದ್ದು ಅವರಿಗೆ ಇರುಸುಮುರುಸಾಗಿರಬೇಕು.

"ಏನ್ ನೋಡ್ತೀರಿ? ಲಿಂಗ ಇರೂದು ಅಂಗೈಯಾಗ. ಅದಕ್ಕ ನನ್ನ ಮೊಣಕಾಲಿನ ಚಿಂತಿ ಇಲ್ಲ. ಹೋಗ್ರಿ, ನಿಮ್ಮ ನಿಮ್ಮ ಕೆಲಸ ಮಾಡ್ರಿ."

ಇಷ್ಟನ್ನು ಎಲುಬಿನ ಡಾಕ್ಟರ ಎದುರಿಗೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ನಮ್ಮವರು ಗೊಣಗಿದರು. ಆಗ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೂ, ಯಾರೋ ಹೇಳಿದರು ಎಂದು ಕುರ್ಚಿಗೆ ಏರುವವರಲ್ಲ ನಮ್ಮ ಅತ್ತಿ. ಕುರ್ಚಿ ಅಲ್ಲೇ ಉಳಿಯಿತು. ನಾನು ಈಗ ಉತ್ತರಪತ್ರಿಕೆಗಳನ್ನು ನೆಲದ ಮೇಲೆ ಕೂತು ತಿದ್ದುತ್ತೇನೆ. ಏಳುವಾಗ ಗೋಡೆ ಹಿಡಿದುಕೊಳ್ಳುತ್ತೇನೆ, ಅದನ್ನು ಯಾರಿಗೂ ಹೇಳಿಲ್ಲ.

ಮೊಣಕಾಲು ಮೊದಲಿನಂತಾಗಲಿಲ್ಲ. ಆಗುವುದೂ ಇಲ್ಲ. ಆದರೆ ಅತ್ತಿ ಸಂಜೆ ನಮ್ಮ ಸೆಕ್ಟರಿನ ಉದ್ಯಾನದವರೆಗೆ ಹೋಗಿ ಬರುತ್ತಾರೆ. ತೂಕ ಸ್ವಲ್ಪ ಇಳಿದಿದೆ. ಆಪರೇಷನ್ನಿಗೆ ಅವಸರವಿಲ್ಲ, ನೋಡೋಣ ಎಂದಿದ್ದಾರೆ ಡಾಕ್ಟರು. ಎಣ್ಣಿಗಾಯಿ ಮರಳಿ ಬಂದಿದೆ, ಅದರ ಜೊತೆಗೆ ನಮ್ಮವರೂ ಮಧ್ಯಾಹ್ನದ ಊಟಕ್ಕೆ ಮರಳಿ ಬಂದಿದ್ದಾರೆ. ಪಲ್ಯಕ್ಕೆ ಅರಿಷಿಣ ಚಿಟಿಕೆಯಷ್ಟೇ ಬೀಳುತ್ತದೆ. ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ, ದಾಳಿಂಬೆ ಎಲ್ಲ ಇವೆ. ಅವು ಕೀಲಿಗೆ ಎಷ್ಟು ಒಳ್ಳೆಯದು ಮಾಡುತ್ತಿವೆಯೋ ನಾನು ಹೇಳಲಾರೆ. ಕೇಳುವುದನ್ನೂ ಬಿಟ್ಟಿದ್ದೇನೆ. ಬ್ರೊಕೊಲಿ ಮಾತ್ರ ಮತ್ತೆ ಬಂದಿಲ್ಲ, ಅದಕ್ಕಾಗಿ ಯಾರೂ ಬೇಸರಪಟ್ಟಿಲ್ಲ.

ನಾನು ಮುಗಿಯಿತು ಎಂದುಕೊಂಡರೂ ಸ್ಟಾಫ್ ರೂಮಿನಲ್ಲಿ ಇನ್ನೂ ಮುಗಿದಿರಲಿಲ್ಲ. ಹೋದ ತಿಂಗಳು ಕನ್ನಡ ಕಲಿಸುವ ಸಹೋದ್ಯೋಗಿ ಬಂದು ಪಕ್ಕದಲ್ಲಿ ಕೂತು, ನನ್ನ ಮೊಣಕಾಲೂ ನೋಯುತ್ತಿದೆ, ಗಿಡಮೂಲಿಕೆಯ ವಿಷಯ ನಿನಗೆ ಚೆನ್ನಾಗಿ ಗೊತ್ತಲ್ಲ, ಏನು ತಿನ್ನಬೇಕು ಎಂದು ಕೇಳಿದಳು. ನನ್ನ ಭಾಷಣ ಕೇಳಿದ್ದಳು, ಅದರ ಮುಂದಿನ ಕಥೆ ಕೇಳಿರಲಿಲ್ಲ. ನಾನು ಗಂಭೀರವಾಗಿ, ಡಾಕ್ಟರಿಗೆ ತೋರಿಸು, ಏನೇನು ಗುಳಿಗೆ ತಗೊಳ್ತೀಯೋ ಅವರಿಗೆ ಹೇಳು, ದಿನಾ ಅಡ್ಡಾಡು ಎಂದೆ. ಅವಳ ಮುಖ ಬಾಡಿತು. ನಾನು ಏನೋ ಗುಟ್ಟು ಮುಚ್ಚಿಡುತ್ತಿದ್ದೇನೆ ಎಂದುಕೊಂಡಿರಬೇಕು. ಹೋಗಲಿ, ವಾಸಿ ಮಾಡಿಕೊಂಡವರನ್ನೇ ಕೇಳುತ್ತೇನೆ ಎಂದು ಅತ್ತಿಯ ಫೋನ್ ನಂಬರು ಇಸಿದುಕೊಂಡು ಹೋದಳು.

ಮರುದಿನ ನನ್ನ ಹತ್ತಿರವೇ ಬಂದಳು. ಅತ್ತಿ ಅರ್ಧ ತಾಸು ಮಾತಾಡಿದರಂತೆ, ಹುನಗುಂದದ ವಿಷಯ, ಇಳಕಲ್ಲಿನ ತಂಗಿಯ ವಿಷಯ ಎಲ್ಲ ಆಯಿತಂತೆ. ಔಷಧದ ಮಾತು ಬಂದಾಗ ಮಾತ್ರ ನನ್ನ ಕಡೆ ಕಳಿಸಿದರಂತೆ. ಅವರು ಹೇಳಿದ್ದನ್ನು ಅವಳು ಅವರ ದನಿಯಲ್ಲೇ ಹೇಳಿ ತೋರಿಸಿದಳು.

"ನಮ್ಮ ಶೈಲಾನ್ನ ಕೇಳವ್ವಾ. ಆಕಿಗೆ ಈಗ ಏನ್ ಕೊಡಬಾರದು ಅನ್ನೂದು ಛಲೋ ಗೊತ್ತೈತಿ."

ನಾನು ಹಿಂದಿನ ದಿನ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದೆ. ಈ ಸಲ ಅವಳು ಪೆನ್ನು ತೆಗೆದು ಬರೆದುಕೊಂಡಳು.